ಹತ್ತು ಸಿಸಿ ಡೀಸೆಲ್‌ನ ಲೆಕ್ಕ

ಪೀಣ್ಯದಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೇ ಶೆಡ್ಡುಗಳ ಹಿಂದಿನಿಂದ ಡೀಸೆಲ್ ಜನರೇಟರುಗಳ ಗುಡುಗು ಶುರುವಾಗುತ್ತದೆ. ಸುರಿದ ಡೀಸೆಲ್‌ನಲ್ಲಿ ಎಷ್ಟು ಕೆಲಸಕ್ಕೆ ಬಂತು, ಎಷ್ಟು ಹೊಗೆಯೊಂದಿಗೆ ಹೋಯಿತು ಎಂಬುದನ್ನು ಸದ್ದು ಕೇಳಿ ಹೇಳಲಾಗದು, ಅಳೆದೇ ತಿಳಿಯಬೇಕು. ಮೆಕ್ಯಾನಿಕಲ್ ವಿದ್ಯಾರ್ಥಿಗಳು ಪ್ರಯೋಗಾಲಯದಲ್ಲಿ ಕಲಿಯುವುದು ಈ ಅಳತೆಯನ್ನೇ.

ಸಲಕರಣೆಯಲ್ಲಿ ಅಂಥ ಮಾಯೆಯೇನಿಲ್ಲ. ಹೊಲದ ಪಂಪ್‌ಸೆಟ್ಟಿಗೆ ಹಾಕುವಂಥ, ಒಂದೇ ಸಿಲಿಂಡರಿನ 5 ಅಶ್ವಶಕ್ತಿಯ ಎಂಜಿನ್. ಅನೇಕ ಕಾಲೇಜುಗಳಲ್ಲಿ ಅದು ಕಿರ್ಲೋಸ್ಕರ್. (ಆ ಹೆಸರಿನ ಮೂಲಪುರುಷ ಲಕ್ಷ್ಮಣರಾವ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1869ರಲ್ಲಿ.) ತಿರುಗುವ ಡ್ರಮ್ಮಿಗೆ ಹಗ್ಗ ಸುತ್ತಿ ತೂಕ ಏರಿಸಿದರೆ ಅದೇ ಎಂಜಿನ್ ಎಳೆಯುವ ಹೊರೆ. ಡೀಸೆಲ್ ಬರುವುದು ಗೆರೆ ಹಾಕಿದ ಗಾಜಿನ ಬ್ಯುರೆಟ್ಟಿನಿಂದ. ವಿದ್ಯಾರ್ಥಿಯ ಕೈಯಲ್ಲಿ ಸ್ಟಾಪ್‌ವಾಚ್. ತಂಪು ಮಾಡುವ ನೀರಿಗೂ ಹೊಗೆ ಕೊಳವೆಗೂ ಉಷ್ಣಮಾಪಕಗಳು.

ಪೂರ್ಣ ಹೊರೆಯಲ್ಲಿ 10 ಸಿಸಿ ಡೀಸೆಲ್ 28 ಸೆಕೆಂಡಿಗೆ ಮುಗಿಯಿತೆನ್ನಿ. ಅದರ ಶಾಖವನ್ನು ಲೆಕ್ಕ ಹಾಕಿದರೆ ಸುಮಾರು 17 ಅಶ್ವಶಕ್ತಿ ಒಳಹೋದಂತೆ. ಡ್ರಮ್ಮಿಗೆ ಸಿಕ್ಕಿದ್ದು ಐದೇ, ಅಂದರೆ ಶೇ. 29. ಉಳಿದುದರಲ್ಲಿ ಬಹುಪಾಲು ನೀರಿಗೂ ಹೊಗೆಗೂ ಹೋಗುತ್ತದೆ. ಕೊನೆಗೆ 'ಲೆಕ್ಕಕ್ಕೆ ಸಿಗದ್ದು' ಎಂಬ ಸಾಲೊಂದು ಉಳಿಯುತ್ತದೆ. ವಿದ್ಯಾರ್ಥಿ ಪ್ರಾಮಾಣಿಕವಾಗಿ ಅಳೆದಿದ್ದಾನೆಯೇ ಎಂಬುದು ಗೊತ್ತಾಗುವುದು ಹೆಚ್ಚಾಗಿ ಆ ಸಾಲಿನಲ್ಲೇ!

ಡೀಸೆಲ್ ಎಂಜಿನ್ ಹೆಸರು ಮಾಡಿದ್ದೂ ಇಂಥದೇ ಪರೀಕ್ಷೆಯಿಂದ. 1897ರ ಫೆಬ್ರವರಿಯಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ರುಡಾಲ್ಫ್ ಡೀಸೆಲ್‌ನ ಯಂತ್ರವನ್ನು ಮ್ಯೂನಿಕ್‌ನ ಪ್ರೊಫೆಸರ್ ಮೊರಿಟ್ಸ್ ಶ್ರೋಟರ್ ಪರೀಕ್ಷಿಸಿ, ಅದರ ದಕ್ಷತೆ ಶೇ. 26.2 ಎಂದು ತೋರಿಸಿದರು. ಆ ಕಾಲದ ಉಗಿಯಂತ್ರಗಳಿಗೆ ಇದು ಎಟುಕದ ಮಾತು.

ತೂಕವೆಲ್ಲ ಇಳಿಸಿದ ಮೇಲೂ ಬ್ಯುರೆಟ್ಟಿನ ಡೀಸೆಲ್ ಇಳಿಯುತ್ತಲೇ ಇರುತ್ತದೆ. ಪಿಸ್ಟನ್, ಬೇರಿಂಗುಗಳ ಘರ್ಷಣೆಗೂ ಇಂಧನ ಬೇಕಲ್ಲ? ಹೊರೆ–ಇಂಧನದ ಗೆರೆಯನ್ನು ಗ್ರಾಫ್ ಹಾಳೆಯಲ್ಲಿ ಹಿಂದಕ್ಕೆ ಎಳೆದರೆ ಆ ನಷ್ಟ ಎಷ್ಟು ಅಶ್ವಶಕ್ತಿ ಎಂಬುದು ಸಿಗುತ್ತದೆ. ವಿಲನ್ಸ್ ರೇಖೆ ಎಂದು ಅದಕ್ಕೆ ಹೆಸರು. ದೊಡ್ಡ ಜನರೇಟರ್ ಕೊಂಡು ನಾಲ್ಕು ದೀಪ, ಎರಡು ಫ್ಯಾನಿಗಾಗಿ ಓಡಿಸುವ ಶೆಡ್ಡಿನ ಮಾಲೀಕರ ಹಣ ಸೋರುವ ಜಾಗವೂ ಇದೇ.

ಈಗ ಕಂಪ್ಯೂಟರ್ ಜೋಡಿಸಿದ ಸಲಕರಣೆಗಳೂ ಇವೆ. ಕ್ರ್ಯಾಂಕಿನ ಡಿಗ್ರಿ ಡಿಗ್ರಿಗೂ ಸಿಲಿಂಡರಿನೊಳಗಿನ ಒತ್ತಡ ತೋರಿಸುವುದು ಬ್ಯುರೆಟ್ಟಿನಿಂದ ಆಗದ ಕೆಲಸ, ನಿಜ. ಆದರೆ ಒಮ್ಮೆಯೂ ಸ್ಟಾಪ್‌ವಾಚ್ ಒತ್ತದವನು ಪರದೆಯ ಮೇಲಿನ ತಪ್ಪು ಅಂಕಿಯನ್ನು ಅನುಮಾನಿಸುವುದಾದರೂ ಹೇಗೆ? ಹಿರಿಯರ ರೆಕಾರ್ಡ್ ಪುಸ್ತಕದಿಂದ ರೀಡಿಂಗ್ ಇಳಿಸಿಕೊಳ್ಳುವ ಹಳೇ ಚಾಳಿಯಂತೂ ಇದ್ದೇ ಇದೆ. ಮುಂದೆ ವಿದ್ಯುತ್ ವಾಹನದ ಮೋಟಾರನ್ನು ಪರೀಕ್ಷಿಸಲು ಹೋದರೂ ಅಲ್ಲಿ ಕಾದಿರುವುದು ಇದೇ ಹೊರೆ, ಇದೇ ವೇಗ, ಇದೇ ದಕ್ಷತೆಯ ಲೆಕ್ಕ.

ಪ್ರವೇಶಕ್ಕೆ ಮುನ್ನ ಕಾಲೇಜು ನೋಡಲು ಹೋಗುವ ತಂದೆತಾಯಿಗಳು ಪ್ರಯೋಗಾಲಯದಲ್ಲಿ ಎಂಜಿನುಗಳು ಎಷ್ಟಿವೆ ಎಂದು ಎಣಿಸಿ ಬಂದರೆ ಸಾಲದು. ಕೊನೆಯ ಸಲ ಸ್ಟಾರ್ಟ್ ಮಾಡಿದ್ದು ಯಾವಾಗ, ಒಂದು ಎಂಜಿನ್ನಿನ ಸುತ್ತ ಎಷ್ಟು ಮಂದಿ ನಿಲ್ಲುತ್ತಾರೆ, ತೂಕ ಏರಿಸುವುದು ವಿದ್ಯಾರ್ಥಿಯೋ ಸಹಾಯಕನೋ ಎಂದು ಕೇಳಬಹುದು. ಬ್ಯುರೆಟ್ಟಿನಲ್ಲಿ ಡೀಸೆಲ್ ಇದೆಯೇ ಎಂದು ಇಣುಕಿ ನೋಡುವುದಕ್ಕೂ ಯಾರ ಅಡ್ಡಿಯೂ ಇರಲಾರದು.