ಫೈಲು ಮಕ್ಕಳ ಕೈಯಲ್ಲೇ ಇರಲಿ

ಆಗಸ್ಟ್ ಬಂತೆಂದರೆ ನಮ್ಮ ಅಟ್ಟೂರು ಬಡಾವಣೆಯಲ್ಲಿ ರಾತ್ರಿ ಹತ್ತು ದಾಟಿದ ಮೇಲೂ ಯಾವುದಾದರೊಂದು ಮನೆಯ ಗೇಟಿನೆದುರು ಡಿಕ್ಕಿ ತೆರೆದ ಕಾರು ನಿಂತಿರುತ್ತದೆ. ಎರಡು ದೊಡ್ಡ ಸೂಟ್‌ಕೇಸು, ಹೆಗಲಿಗೊಂದು ಬ್ಯಾಗು, ಸುತ್ತ ಅಜ್ಜಿ, ಚಿಕ್ಕಪ್ಪ, ಪಕ್ಕದ ಮನೆಯವರು. ‘ಎಂಎಸ್ ಮಾಡೋಕೆ ಹೋಗ್ತಿದ್ದಾಳೆ’ ಎಂದು ಯಾರೋ ಯಾರಿಗೋ ಹೇಳುತ್ತಿರುತ್ತಾರೆ. ಅಮೆರಿಕದ ತರಗತಿಗಳು ಆಗಸ್ಟ್ ಕೊನೆಯ ಹೊತ್ತಿಗೆ, ಇಂಗ್ಲೆಂಡಿನವು ಸೆಪ್ಟೆಂಬರಿನಲ್ಲಿ, ಜರ್ಮನಿಯವು ಅಕ್ಟೋಬರಿನಲ್ಲಿ ಶುರುವಾಗುವುದರಿಂದ ಈ ಬೀಳ್ಕೊಡುಗೆಗಳು ಎರಡು ತಿಂಗಳು ನಡೆದೇ ಇರುತ್ತವೆ. ಬೆಂಗಳೂರಿನ ಯಲಹಂಕ ನ್ಯೂಟೌನಿಗೆ ಅಂಟಿಕೊಂಡ ಊರು ಇದು. ಸುತ್ತಮುತ್ತ ಎಂಜಿನಿಯರಿಂಗ್ ಕಾಲೇಜುಗಳು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲಂತೂ ವಿದೇಶದ ದಾರಿ ಬಳ್ಳಾರಿ ರಸ್ತೆಯಲ್ಲೇ ಸಿಕ್ಕಂತಾಯಿತು.

ನಿಲ್ದಾಣದ ಬಾಗಿಲಲ್ಲಿ ಟಿಕೆಟು, ಪಾಸ್‌ಪೋರ್ಟು ತೋರಿಸಿದವರಷ್ಟೇ ಒಳಗೆ ಹೋಗುತ್ತಾರೆ. ಅಲ್ಲಿಯವರೆಗೂ ಎಷ್ಟೋ ಮಕ್ಕಳ ಕಾಗದಪತ್ರದ ಫೈಲು ಅಪ್ಪನ ಕಂಕುಳಲ್ಲೇ ಇರುತ್ತದೆ. ನನಗೆ ಕಳವಳ ಹುಟ್ಟಿಸುವುದು ಈ ಫೈಲು. ಅರ್ಜಿ ತುಂಬಿದ್ದು ಕನ್ಸಲ್ಟೆನ್ಸಿಯವರು, ಬ್ಯಾಂಕಿಗೆ ಓಡಾಡಿದ್ದು ಅಪ್ಪ, ಸೂಟ್‌ಕೇಸು ತುಂಬಿದ್ದು ಅಮ್ಮ. ವಿಮಾನದ ಗಂಟೆಗಳು ಹೇಗೋ ಕಳೆಯುತ್ತವೆ, ಕಷ್ಟ ಶುರುವಾಗುವುದು ಇಳಿದ ಮೇಲೆ. ಕೌಂಟರಿನ ಆಚೆ ಕೂತ ಅಧಿಕಾರಿ ‘ಏನು ಓದಲು ಬಂದಿದ್ದೀರಿ, ಖರ್ಚು ನೋಡಿಕೊಳ್ಳುವವರು ಯಾರು, ಎಲ್ಲಿ ಉಳಿಯುತ್ತೀರಿ’ ಎಂದು ಕೇಳುತ್ತಾರೆ. ಮೂರೂ ಸರಳ ಪ್ರಶ್ನೆಗಳೇ. ಅಮೆರಿಕದ ವಿಶ್ವವಿದ್ಯಾಲಯ ಕೊಟ್ಟ ತನ್ನ ಐ-20 ಪ್ರವೇಶಪತ್ರವನ್ನು ಒಮ್ಮೆಯೂ ಪೂರ್ತಿ ಓದದ ಹುಡುಗ ಅಲ್ಲಿ ತಡವರಿಸುತ್ತಾನೆ.

ಸೂಟ್‌ಕೇಸಿನ ವಿಷಯವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಒಂದೊಂದು ಪೆಟ್ಟಿಗೆಗೆ 23 ಕಿಲೋ ಮಿತಿ. ಅದರಲ್ಲಿ ಚಟ್ನಿಪುಡಿ, ಸಾರಿನ ಪುಡಿ, ಹುಳಿಯವಲಕ್ಕಿ, ಪುಟ್ಟ ಕುಕ್ಕರು ಕೂತ ಮೇಲೆ ಅಮ್ಮ ಮೂಲೆಯಲ್ಲಿ ನಾಲ್ಕು ಗಿಟುಕು ಕೊಬ್ಬರಿ ತುರುಕುತ್ತಾರೆ. ತಿಪಟೂರಿನ ಕೊಬ್ಬರಿ ಮನೆಯಲ್ಲಿ ಎಷ್ಟೇ ಸಾಧು ವಸ್ತುವಾದರೂ ವಿಮಾನದವರ ಲೆಕ್ಕದಲ್ಲಿ ಅಪಾಯಕಾರಿ ಸರಕು. ಅದರಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹಾಗಾಗಿ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2022ರಲ್ಲಿ ಅದನ್ನು ಚೆಕ್-ಇನ್ ಸಾಮಾನಿನ ನಿಷೇಧಿತ ಪಟ್ಟಿಗೆ ಸೇರಿಸಿತು. ಪವರ್‌ಬ್ಯಾಂಕಿನ ನಿಯಮವೂ ತಿಳಿದಿರಬೇಕು: ಅದು ಕೈಚೀಲದಲ್ಲಷ್ಟೇ ಇರಬೇಕು, ಪೆಟ್ಟಿಗೆಯಲ್ಲಿ ಕೂಡದು. ಹಿತ್ತಲಿನ ಹಸಿ ಕರಿಬೇವನ್ನು ಅಮೆರಿಕಕ್ಕೆ ಒಯ್ಯುವಂತಿಲ್ಲ. ಕಿತ್ತಳೆ, ನಿಂಬೆಯ ತೋಟಗಳನ್ನು ಹಾಳುಗೆಡಹುವ ರೋಗ ಹರಡುವ ಕೀಟ ಕರಿಬೇವಿನ ಎಲೆಯಲ್ಲಿ ಬದುಕುತ್ತದೆ ಎಂಬುದು ಅದಕ್ಕೆ ಕಾರಣ. ಜರ್ಮನಿ, ಫ್ರಾನ್ಸಿನಂಥ ಯುರೋಪ್ ಒಕ್ಕೂಟದ ದೇಶಗಳಿಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ತುಪ್ಪದ ಡಬ್ಬಿಯೂ ಪೇಡವೂ ಮನೆಯಲ್ಲೇ ಉಳಿಯಬೇಕು. ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಅಮ್ಮನಿಗಷ್ಟೇ ಗೊತ್ತಿದ್ದು, ಕಸ್ಟಮ್ಸ್‌ನವರಿಗೆ ಉತ್ತರ ಹೇಳಬೇಕಾದವರು ಮಕ್ಕಳು ಎಂದಾಗಬಾರದು.

ಮಕ್ಕಳು ಹೊರದೇಶಕ್ಕೆ ಓದಲು ಹೊರಡುವ ಮಾತು ಬಂದಾಗಲೆಲ್ಲ ನನಗೆ ಎಂಜಿನಿಯರ್ ರಾಜೇಶ್ವರಿ ಚಟರ್ಜಿಯವರು ನೆನಪಾಗುತ್ತಾರೆ. ಯಶವಂತಪುರದ ಕಡೆ ಹೋಗುವ ನಮ್ಮ ಹುಡುಗರು ದಿನವೂ ಹಾದುಹೋಗುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಜನರ ಬಾಯಿಯ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಅವರು ಬದುಕಿನ ಬಹುಭಾಗ ಕಳೆದದ್ದು. ಹುಟ್ಟಿದ್ದು 1922ರಲ್ಲಿ, ನಂಜನಗೂಡಿನ ಕುಟುಂಬದಲ್ಲಿ. ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಅಜ್ಜಿ ಕಮಲಮ್ಮ ದಾಸಪ್ಪನವರು ವಿಧವೆಯರ, ಗಂಡ ಬಿಟ್ಟ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದವರು. ರಾಜೇಶ್ವರಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ 1943ರಲ್ಲಿ ಇನ್‌ಸ್ಟಿಟ್ಯೂಟಿಗೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದರು. ಯುದ್ಧ ಮುಗಿದ ಮೇಲೆ ದೆಹಲಿಯ ಸರ್ಕಾರ ಪ್ರತಿಭಾವಂತರನ್ನು ಹೊರದೇಶಕ್ಕೆ ಕಳಿಸಲು ಕೊಟ್ಟ ವಿದ್ಯಾರ್ಥಿವೇತನಕ್ಕೆ 1946ರಲ್ಲಿ ಆಯ್ಕೆಯಾದರು.

1947ರ ಜುಲೈನಲ್ಲಿ ಅವರು ಹತ್ತಿದ ಹಡಗು ‘ಮರೀನ್ ಆಡರ್’. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಿದ ಹಡಗನ್ನೇ ಪ್ರಯಾಣಿಕರಿಗೆಂದು ಮಾರ್ಪಡಿಸಿದ್ದು. ಅಮೆರಿಕದ ತೀರ ಮುಟ್ಟಲು ಮೂವತ್ತು ದಿನ ಬೇಕಾಯಿತು. ಹೊರಟಾಗ ದೇಶ ಬ್ರಿಟಿಷರ ಕೈಯಲ್ಲಿತ್ತು, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಶುರುವಾಗುವ ಹೊತ್ತಿಗೆ ಅವರು ಸ್ವತಂತ್ರ ಭಾರತದ ಪ್ರಜೆ. ಆಗ ಅವರಿಗೆ ಇಪ್ಪತ್ತೈದು, ಇನ್ನೂ ಮದುವೆಯಾಗಿರಲಿಲ್ಲ. ಸಂಪ್ರದಾಯಸ್ಥ ಮನೆತನವಾದರೂ ಮನೆಯವರು ಅಡ್ಡಿ ಬರಲಿಲ್ಲ. ಆ ಮನೆಯವರನ್ನು ನಾನು ಬಹಳ ಗೌರವದಿಂದ ನೆನೆಯುತ್ತೇನೆ. ಮಗಳು ಕ್ಷೇಮವೇ ಎಂದು ತಿಳಿಯಲು ವಾರಗಟ್ಟಲೆ ಕಾದು ಕೂರಬೇಕಾಗಿದ್ದ ಕಾಲ ಅದು.

ಸ್ನಾತಕೋತ್ತರ ಪದವಿ ಮುಗಿಸಿ, ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳು ರೇಡಿಯೋ ತರಂಗಾಂತರಗಳ ಮಾಪನದ ತರಬೇತಿ ಪಡೆದು, ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಮಿಶಿಗನ್ನಿನಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಅವರು ಪಿಎಚ್‌.ಡಿ. ಮಾಡಿದರು. 1953ರಲ್ಲಿ ಮರಳಿ ಬಂದು ಇನ್‌ಸ್ಟಿಟ್ಯೂಟಿನ ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ಎಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಪತಿ ಶಿಶಿರ್ ಕುಮಾರ್ ಚಟರ್ಜಿಯವರ ಜೊತೆ ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ ಕಟ್ಟಿದರು, ಇಪ್ಪತ್ತು ಮಂದಿಗೆ ಪಿಎಚ್‌.ಡಿ. ಮಾರ್ಗದರ್ಶನ ಮಾಡಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಇಷ್ಟು ಹತ್ತಿರದಲ್ಲಿ ಬಾಳಿ ಹೋದವರ ಹೆಸರನ್ನು ನಮ್ಮ ಶಾಲೆಗಳಲ್ಲಿ ಒಂದು ಸಲವಾದರೂ ಹೇಳಬೇಕಿತ್ತು.

ಅವರ ಪಯಣಕ್ಕೆ ಹಣ ಬಂದದ್ದು ವಿದ್ಯಾರ್ಥಿವೇತನದಿಂದ. ಈಗ ನಮ್ಮ ಕಡೆ ಮೊದಲು ನೆನಪಾಗುವುದು ಸೈಟಿನ ಪತ್ರ ಅಡವಿಟ್ಟು ತೆಗೆಯುವ ಸಾಲ. ಸಾಲ ತಪ್ಪೇನಲ್ಲ, ಆದರೆ ಅದಕ್ಕೂ ಮುಂಚೆ ಕೇಳಬೇಕಾದ ಬಾಗಿಲುಗಳಿವೆ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ‘ಪ್ರಬುದ್ಧ’ ಯೋಜನೆ ಇದೆ, ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು ಬೋಧನಾ ಶುಲ್ಕ ಕೇಳುವುದೇ ಇಲ್ಲ. ಅಲ್ಲಿಗೆ ಹೊರಟವರು ‘ಬ್ಲಾಕ್ಡ್ ಅಕೌಂಟ್’ ತೆರೆದು ವರ್ಷಕ್ಕೆ 11,904 ಯೂರೋ ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಇರುವ ಮೊತ್ತ ಇದು, ತಿಂಗಳಿಗೆ 992 ಯೂರೋ ಕೈಗೆ ಬರುತ್ತದೆ. ಆ ಹಣದಲ್ಲಿ ಬಾಡಿಗೆ, ವಿಮೆ, ಊಟ ಎಲ್ಲ ತೂಗಿಸುವವರು ಮಕ್ಕಳೇ ಆದ್ದರಿಂದ ಲೆಕ್ಕವನ್ನೂ ಅವರೇ ಹಾಕಲಿ. ಅಮೆರಿಕಕ್ಕೆ ಹೋದವರು ಪಾಠ ನಡೆಯುವಾಗ ವಾರಕ್ಕೆ ಇಪ್ಪತ್ತು ಗಂಟೆಯಷ್ಟೇ, ಅದೂ ಕ್ಯಾಂಪಸ್ಸಿನೊಳಗೆ, ದುಡಿಯಬಹುದು. ‘ಅಲ್ಲಿ ಹೋಗಿ ದುಡಿದು ಫೀಸು ಕಟ್ಟಿಕೊಳ್ತಾನೆ ಬಿಡಿ’ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ.

ಅಮೆರಿಕದ ವೀಸಾ ಸಂದರ್ಶನಕ್ಕೆ ನಮ್ಮ ಮಕ್ಕಳು ಚೆನ್ನೈಗೋ ಹೈದರಾಬಾದಿಗೋ ಹೋಗುತ್ತಾ ಬಂದಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ದೂತಾವಾಸ ಉದ್ಘಾಟನೆಯಾದಾಗಲೂ ವೀಸಾ ಸೇವೆ ಕೂಡಲೇ ಶುರುವಾಗಲಿಲ್ಲ. ಆ ಚೆನ್ನೈ ಪ್ರಯಾಣಕ್ಕಾದರೂ ಅವರನ್ನು ಒಬ್ಬರನ್ನೇ ಕಳಿಸಿ ಎಂಬುದು ನನ್ನ ಸಲಹೆ. ರೈಲಿನ ಟಿಕೆಟ್ಟು, ಉಳಿಯುವ ಜಾಗ, ಬೆಳಗ್ಗೆ ಹೊತ್ತಿಗೆ ಸರಿಯಾಗಿ ಕಚೇರಿ ತಲುಪುವುದು ಎಲ್ಲವನ್ನೂ ಅವರೇ ನೋಡಿಕೊಳ್ಳಲಿ. ಎಡವಿದರೂ ಒಂದು ರಾತ್ರಿಯ ದಾರಿಯಷ್ಟು ದೂರದಲ್ಲಿ ನೀವು ಇರುತ್ತೀರಿ.

ಹೋದ ಮೇಲಿನ ಮೊದಲ ತಿಂಗಳುಗಳು ಭಾರ. ಅಟ್ಟೂರಿನಲ್ಲಿ ರಾತ್ರಿ ಊಟದ ಹೊತ್ತು, ಅಂದರೆ ಒಂಬತ್ತು ಗಂಟೆ, ಮಿಶಿಗನ್ನಿನಲ್ಲಿ ಬೇಸಿಗೆಯ ಗಡಿಯಾರದ ಪ್ರಕಾರ ಬೆಳಗಿನ ಹನ್ನೊಂದೂವರೆ. ನಿಮಗೆ ಮಾತಾಡಬೇಕೆನಿಸಿದಾಗ ಅವರು ತರಗತಿಯಲ್ಲಿರುತ್ತಾರೆ. ಅವರಿಗೆ ಮಾತು ಬೇಕೆನಿಸುವ ಸಂಜೆಗೆ ಇಲ್ಲಿ ಇನ್ನೂ ಹಾಲಿನವನೂ ಬಂದಿರುವುದಿಲ್ಲ. ಆ ಹೊತ್ತಿನಲ್ಲಿ ಕರೆ ಬಂದರೆ ದಯವಿಟ್ಟು ಎದ್ದು ಮಾತಾಡಿ. ‘ಊಟ ಆಯ್ತಾ’ ಎಂದಷ್ಟೇ ಕೇಳಿ ಇಟ್ಟುಬಿಡಬೇಡಿ, ಯಾರ ಜೊತೆ ಊಟ ಮಾಡಿದರು ಎಂದೂ ಕೇಳಿ. ವಾರಗಟ್ಟಲೆ ಒಂಟಿಯಾಗಿ ಉಣ್ಣುತ್ತಿದ್ದಾರೆಂದು ತಿಳಿದುಬಂದರೆ, ವಿಶ್ವವಿದ್ಯಾಲಯದ ಆಪ್ತಸಲಹೆಗಾರರನ್ನು ಕಾಣಲು ನೀವೇ ಒತ್ತಾಯಿಸಿ. ಅದಕ್ಕೆ ನಾಚಬೇಕಾದದ್ದೇನೂ ಇಲ್ಲ.

ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಹೊರದೇಶಕ್ಕೆ ಹೋಗುವ ವಿದ್ಯಾರ್ಥಿಗಳು ಹೆಸರು, ಕಾಲೇಜು, ವಿಳಾಸ ದಾಖಲಿಸಬಹುದು. ತೊಂದರೆಯಾದಾಗ ಅಲ್ಲಿನ ನಮ್ಮ ದೂತಾವಾಸ ಅವರನ್ನು ಹುಡುಕಿ ತಲುಪಲು ಇದರಿಂದ ಅನುಕೂಲ. ಈ ವರ್ಷ ನಿಮ್ಮ ಮನೆಯಿಂದ ಯಾರಾದರೂ ಹೊರಟಿದ್ದರೆ, ಆ ನೋಂದಣಿಯನ್ನು ಅವರ ಕೈಯಿಂದಲೇ ಈ ವಾರ ಮಾಡಿಸಿ.