ಹಾಡು ಕೇಳೋದೋ, ನೋಡೋದೋ?

"ಹಾಡು ಹಚ್ಚು" ಅಂದರೆ ಒಂದು ಕಾಲಕ್ಕೆ ರೇಡಿಯೊ ಇಲ್ಲವೇ ಟೇಪ್ ಹಚ್ಚುವುದು ಎಂದಿತ್ತು. ಈಗ ಜಿಡಗಾದಲ್ಲಿರಲಿ, ಆಳಂದದಲ್ಲಿರಲಿ, ಹಾಡು ಹಚ್ಚೋದು ಅಂದರೆ ಮೊಬೈಲಿನಲ್ಲಿ ವೀಡಿಯೊ ತೆಗೆಯುವುದು. ಈ ವೀಡಿಯೊಗಳನ್ನು ಯಾರು, ಏತಕ್ಕಾಗಿ ಮಾಡುತ್ತಾರೆ? ನೋಡುವ ನಾವು ತಿಳಿದಿರುವುದು ಒಳ್ಳೆಯದು.

ನಮ್ಮ ಭಾಗದ ಹಳ್ಳಿಗಳಿಗೆ ಟಿ.ವಿ. ಮೊದಲು ಬಂದದ್ದು ಕಲಿಕೆಗಾಗಿ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. ಊರ ಜನ ಒಂದೇ ಟಿ.ವಿ. ಮುಂದೆ ಕೂತು ಒಕ್ಕಲುತನ, ಆರೋಗ್ಯದ ಮಾತು ಕೇಳಿದರು. ಹಾಡು, ಕುಣಿತವನ್ನೂ ನೋಡಿದರು.

ಹಾಡಿನ ವೀಡಿಯೊದ ಕಥೆ ಬೇರೆ. ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಎಂಟಿವಿ ಶುರುವಾದಾಗ ಸಂಗೀತ ಕಂಪನಿಗಳೇ ವೀಡಿಯೊ ಕೊಟ್ಟವು. ನೋಡಿದವರು ಹೋಗಿ ರೆಕಾರ್ಡ್, ಕ್ಯಾಸೆಟ್ ಕೊಳ್ಳಲಿ ಎಂಬುದು ಉದ್ದೇಶ. ಅಂದರೆ ವೀಡಿಯೊ ಹಾಡಿನ ಜಾಹೀರಾತು. 2005ರಲ್ಲಿ ಯೂಟ್ಯೂಬ್ ಬಂತು. 2016ರ ನಂತರ ನಮ್ಮಲ್ಲಿ ಡೇಟಾ ಅಗ್ಗವಾಯಿತು. ಈಗ ಮಾರಾಟವಾಗುವುದು ಕ್ಯಾಸೆಟ್ ಅಲ್ಲ, ನಮ್ಮ ಸಮಯ. ನಾವು ಎಷ್ಟು ಹೊತ್ತು ನೋಡುತ್ತೇವೋ ಅಷ್ಟು ಜಾಹೀರಾತು ತೋರಿಸಬಹುದು. ಅದಕ್ಕೇ ಒಂದು ಹಾಡು ಮುಗಿಯುತ್ತಲೇ ಇನ್ನೊಂದು ತಾನಾಗಿಯೇ ಬರುತ್ತದೆ. ಮೊದಲು ಏನು ನೋಡಿದೆವೋ ಅಂಥದ್ದೇ ಮತ್ತೆ ಬರುತ್ತದೆ. ಒಂದೇ ಮನೆಯಲ್ಲಿ ಅಜ್ಜಿಗೆ ಭಜನೆ, ಮೊಮ್ಮಗನಿಗೆ ಡಿಜೆ ಹಾಡು!

ಇದರಿಂದ ಒಳ್ಳೆಯದೂ ಆಗಿದೆ. ಕಡಕೋಳ ಮಡಿವಾಳಪ್ಪನವರ ತತ್ವಪದ, ಮೊಹರಂ ಪದ, ಬೀಸುವ ಪದಗಳನ್ನು ದುಡಿಯಲು ಪುಣೆ, ಮುಂಬೈಗೆ ಹೋದ ನಮ್ಮ ಮಕ್ಕಳೂ ಕೇಳಬಹುದು. ಆದರೆ ಹಾಡಿದವರಿಗೆ ಏನು ಸಿಗುತ್ತದೆ? ಯೂಟ್ಯೂಬ್ ಜಾಹೀರಾತಿನ ಪಾಲು ಹೋಗುವುದು ಚಾನೆಲ್ ಇಟ್ಟುಕೊಂಡವರಿಗೆ. ಅದಕ್ಕೂ ಕನಿಷ್ಠ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಅಥವಾ 90 ದಿನಗಳಲ್ಲಿ ಕಿರು ವೀಡಿಯೊಗಳಿಗೆ 1 ಕೋಟಿ ವೀಕ್ಷಣೆ ಆಗಿರಬೇಕು. ಹಾಡಿದ ತಾಯಿಗೆ ಒಂದು ಶಾಲು, ಒಂದು ಹಾರ, ಅಷ್ಟೇ.

ಇಲ್ಲಿ ಕಾನೂನು ನೆನಪಿರಲಿ. ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿ ಹಾಡುವವರಿಗೂ ಹಕ್ಕು ಕೊಟ್ಟಿದೆ. 2012ರ ತಿದ್ದುಪಡಿ ಅದನ್ನು ಬಲಪಡಿಸಿದೆ. ಪದ ನೂರಾರು ವರ್ಷ ಹಳೆಯದಿರಬಹುದು, ಆದರೆ ಹಾಡಿದ ದನಿ ಹಾಡಿದವರದು. ವ್ಯಾಪಾರಕ್ಕಾಗಿ ಚಿತ್ರೀಕರಿಸುವವರು ಅವರ ಒಪ್ಪಿಗೆ ಪಡೆಯಬೇಕು.

ಆದ್ದರಿಂದ ಭಜನಾ ಮಂಡಳಿಯವರೇ, ಸ್ವಸಹಾಯ ಗುಂಪಿನ ತಾಯಂದಿರೇ, ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ಮೂರು ಮಾತು ಕೇಳಿರಿ: ಇದನ್ನು ಎಲ್ಲಿ ಹಾಕ್ತೀರಿ? ನಮ್ಮ ಹೆಸರು, ಊರು ಬರೀತೀರಾ? ಹಣ ಬಂದರೆ ನಮ್ಮ ಪಾಲೆಷ್ಟು? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿರಿ.

ಮನೆಯಲ್ಲೂ ಸ್ವಲ್ಪ ಎಚ್ಚರ ಬೇಕು. ತಾನಾಗಿಯೇ ಮುಂದಿನ ವೀಡಿಯೊ ಬರುವ ಸೌಲಭ್ಯವನ್ನು ಬಂದ್ ಮಾಡಬಹುದು. ಕಿವಿಗೆ ಹಚ್ಚಿ ಕೇಳುವಾಗ ಸದ್ದು 60 ಶೇಕಡಾ ಮೀರದಿರಲಿ. ಹೆಣ್ಣುಮಕ್ಕಳನ್ನು ಹಗುರವಾಗಿ ತೋರಿಸುವ ಹಾಡು ಬಂದರೆ ಮಕ್ಕಳ ಕೈಯಿಂದ ಮೊಬೈಲ್ ಕಸಿದುಕೊಂಡರೆ ಸಾಲದು, "ನಿನ್ನ ಅಕ್ಕನಿಗೆ ಹೀಗಂದರೆ ಹೆಂಗ?" ಎಂದು ಕೇಳಿ, ಕೂತು ಮಾತಾಡಿರಿ. ವಾರಕ್ಕೊಮ್ಮೆಯಾದರೂ ಮನೆಮಂದಿಯೆಲ್ಲ ಕೂಡಿ ಒಂದು ಹಾಡು ನೋಡಿರಿ. ಆಮೇಲೆ ಮೊಬೈಲ್ ಬದಿಗಿಟ್ಟು, ನೀವೇ ಒಂದು ಹಾಡಿರಿ.