‘ಅಣ್ಣಾ, ಎಷ್ಟು ಹೋಗುತ್ತೆ?’: ಹಯಾಬುಸಾ ಇಟ್ಟುಕೊಂಡವನ ಲೆಕ್ಕಾಚಾರ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿದ್ರೆ ಸರಿ. ಬೈಕ್ ಓಡಿಸ್ತಾ ಕೇಳ್ತಿದ್ರೆ ಮಾತ್ರ ಈಗಲೇ ಪಾಸ್ ಮಾಡಿ, ಮನೆಗೆ ಹೋಗಿ ಕೇಳಿ. ಇವತ್ತಿನ ವಿಷಯ ಅಂಥದ್ದು.

ಕಳೆದ ವಾರ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ರು. ಇಪ್ಪತ್ತೊಂದು ವರ್ಷದ ಹುಡುಗ, ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ‘ಅಣ್ಣಾ, ಸೆಕೆಂಡ್ ಹ್ಯಾಂಡ್ ಹಯಾಬುಸಾ ಒಂದು ಸಿಗ್ತಿದೆ. ಲೋನ್ ಮಾಡಿ ತಗೊಳ್ಳಲಾ? ನಿಮ್ಮ ಹತ್ರ ಇದೆಯಲ್ಲ, ಹೇಳಿ’ ಅಂದ. ಒಂದು ಸಾಲಲ್ಲಿ ಉತ್ತರ ಕೊಡೋಕೆ ಆಗಲಿಲ್ಲ. ಅದಕ್ಕೇ ಈ ಸಂಚಿಕೆ.

ಹೆಸರಿನ ಹಿಂದಿನ ಹಕ್ಕಿ

ಹಯಾಬುಸಾ ಅಂದ್ರೆ ಜಪಾನಿ ಭಾಷೆಯಲ್ಲಿ ಪೆರೆಗ್ರಿನ್ ಫಾಲ್ಕನ್, ಬೇಟೆಯ ಹಕ್ಕಿ. ಮೇಲಿಂದ ಎರಗುವಾಗ ಅದರ ವೇಗ ಗಂಟೆಗೆ 300 ಕಿ.ಮೀ. ದಾಟುತ್ತೆ. ಆಗ ಜಗತ್ತಿನ ಅತಿ ವೇಗದ ಬೈಕ್ ಅನ್ನಿಸಿಕೊಂಡಿದ್ದು ಹೋಂಡಾದ ಸೂಪರ್ ಬ್ಲ್ಯಾಕ್‌ಬರ್ಡ್. ಅದನ್ನು ಬೇಟೆಯಾಡೋ ಹಕ್ಕಿ ಅನ್ನೋ ಅರ್ಥದಲ್ಲಿ ಸುಜುಕಿ 1999ರಲ್ಲಿ ಈ ಹೆಸರಿನ ಬೈಕ್ ತಂತು. ಅದೂ 300 ದಾಟಿತು. ಇದು ಹೀಗೇ ಮುಂದುವರಿದ್ರೆ ಸರ್ಕಾರಗಳು ಬೈಕ್‌ಗಳನ್ನೇ ನಿಷೇಧ ಮಾಡಬಹುದು ಅಂತ ಕಂಪನಿಗಳಿಗೆ ಭಯ ಆಯ್ತು. ಬಾಯಿಮಾತಿನ ಒಪ್ಪಂದಕ್ಕೆ ಬಂದು ಗರಿಷ್ಠ ವೇಗವನ್ನು 299ಕ್ಕೆ ನಿಲ್ಲಿಸಿದ್ರು.

ನಮ್ಮಲ್ಲಿ ಇದನ್ನು ಮನೆಮಾತಾಗಿಸಿದ್ದು 2004ರ ‘ಧೂಮ್’ ಸಿನಿಮಾ. ನಾನೂ ಆ ಪೀಳಿಗೆಯವನೇ. ಪೋಸ್ಟರ್ ಗೋಡೆಗೆ ಅಂಟಿಸಿ ಅಮ್ಮನ ಹತ್ರ ಬೈಸಿಕೊಂಡವನು. 2021ರಲ್ಲಿ, ಹತ್ತು ವರ್ಷ ಕೆಲಸ ಮಾಡಿದ ಮೇಲೆ, ಎರಡನೇ ತಲೆಮಾರಿನ ಒಂದು ಹಳೆಯ ಬುಸಾ ತಗೊಂಡೆ. 1340 ಸಿಸಿ, 197 ಪಿಎಸ್.

197 ಪಿಎಸ್ ಅಂದ್ರೆ ಎಷ್ಟು?

ನಂಬರ್ ಕೇಳಿದ್ರೆ ಏನೂ ಅನ್ನಿಸಲ್ಲ. ಹೋಲಿಸಿ ನೋಡಿ. ನಮ್ಮಪ್ಪ ಓಡಿಸ್ತಿದ್ದ ಸ್ಪ್ಲೆಂಡರ್‌ನ ಶಕ್ತಿ ಸುಮಾರು 8 ಪಿಎಸ್. ಏಳೆಂಟು ಜನರನ್ನು ಹೊತ್ತು ಧರ್ಮಸ್ಥಳದ ಘಾಟಿ ಹತ್ತೋ ಡೀಸೆಲ್ ಇನ್ನೋವಾ ಕ್ರಿಸ್ಟಾದ್ದು 150. ಅದಕ್ಕಿಂತ ಹೆಚ್ಚು ಶಕ್ತಿ, ಕಾಲು ಟನ್ ಚಿಲ್ಲರೆ ತೂಕದ ಎರಡು ಚಕ್ರದ ಗಾಡಿಯಲ್ಲಿದೆ. ನಿಂತಲ್ಲಿಂದ ನೂರು ಮುಟ್ಟೋಕೆ ಮೂರು ಸೆಕೆಂಡಿಗಿಂತ ಚೂರು ಜಾಸ್ತಿ. ಮೊದಲ ಗೇರ್‌ನಲ್ಲೇ ನೂರು ದಾಟುತ್ತೆ.

ಬೈಕಿನ ಆಕಾರ ಯಾಕೆ ಹಾಗೆ ಗುಂಡಗೆ, ಗೂನು ಬೆನ್ನಿನ ಥರ ಇದೆ ಗೊತ್ತಾ? ಗಾಳಿಗೋಸ್ಕರ. ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತೆ, ಅದನ್ನು ಸೀಳೋಕೆ ಬೇಕಾದ ಶಕ್ತಿ ಎಂಟು ಪಟ್ಟು. ಅಂದ್ರೆ ಈ ಎಂಜಿನ್‌ನ ಬಹುಪಾಲು ಶಕ್ತಿ ಇರೋದು ನಾವು ರಸ್ತೆಯಲ್ಲಿ ಯಾವತ್ತೂ ಹೋಗಬಾರದ ವೇಗಕ್ಕೆ. ಬೈಕ್ ಮಾರುವವರು ನಿಮಗೆ ಹೇಳದೇ ಇರೋ ಮಾತು ಇದು.

ಮನೆಗೆ ತಂದ ಮೇಲೆ

ಈಗ ದುಡ್ಡಿನ ಮಾತು. ಮೂರನೇ ತಲೆಮಾರಿನ ಹಯಾಬುಸಾ 2021ರಲ್ಲಿ ಇಲ್ಲಿಗೆ ಬಂದಾಗ ಶೋರೂಮ್ ಬೆಲೆ 16.40 ಲಕ್ಷ ರೂಪಾಯಿ. 2025ರ ಸೆಪ್ಟೆಂಬರ್‌ನಿಂದ 350 ಸಿಸಿ ಮೇಲಿನ ಬೈಕ್‌ಗಳಿಗೆ ಜಿಎಸ್‌ಟಿ 40%. ಅದರ ಮೇಲೆ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, ಅದೂ ಲಕ್ಷಗಳಲ್ಲೇ.

ಸೆಕೆಂಡ್ ಹ್ಯಾಂಡ್ ಅಗ್ಗ ಅಂತ ನಾನೂ ಅಂದ್ಕೊಂಡಿದ್ದೆ. ನನಗೆ ಮಾರಿದ ಡೀಲರ್ ಮೀಟರ್ ತಿರುಗಿಸಿದ್ದ. ಹನ್ನೊಂದು ಸಾವಿರ ಕಿ.ಮೀ. ಅಂತ ತೋರಿಸಿದ ಗಾಡಿ ನಿಜವಾಗಿ ಓಡಿದ್ದು ಅದರ ಎರಡು ಪಟ್ಟಿಗೂ ಜಾಸ್ತಿ. ಗೊತ್ತಾಗಿದ್ದು ಹಳೇ ಸರ್ವಿಸ್ ಬಿಲ್ ಸಿಕ್ಕಾಗ. ಹಾಗಾಗಿ ದುಡ್ಡು ಕೊಡೋ ಮುಂಚೆ ಸರ್ವಿಸ್ ದಾಖಲೆ ಕೇಳಿ. ಆರ್‌ಸಿಯಲ್ಲಿರೋ ಚಾಸಿ ನಂಬರ್, ಎಂಜಿನ್ ನಂಬರ್ ಗಾಡಿ ಮೇಲಿರೋದಕ್ಕೆ ಹೊಂದುತ್ತಾ ಅಂತ ಬಗ್ಗಿ ನೋಡಿ. ಹೊರದೇಶದಿಂದ ತಂದ ಹಳೇ ಗಾಡಿಯಾದ್ರೆ ಕಸ್ಟಮ್ಸ್ ಕಟ್ಟಿದ ಕಾಗದ ಇಲ್ಲದೆ ಮುಟ್ಟಲೇಬೇಡಿ.

ಆಮೇಲಿನ ಖರ್ಚು? ಇದರ ಟಯರ್ ಮೆತ್ತಗಿನ ರಬ್ಬರ್. ರಸ್ತೆ ಹಿಡಿಯುತ್ತೆ, ಅಷ್ಟೇ ಬೇಗ ಸವೆಯುತ್ತೆ. ನನ್ನ ಹಿಂದಿನ ಟಯರ್ ಒಂಬತ್ತು ಸಾವಿರ ಕಿ.ಮೀ. ಬಾಳಿದ್ರೆ ಹೆಚ್ಚು. ಜೋಡಿಯ ಬೆಲೆಗೆ ಒಂದು ಹಳೇ ಸ್ಕೂಟರ್ ಬರುತ್ತೆ. ಇನ್ನು ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ್ರೆ ಎಂಜಿನ್ ಶಾಖಕ್ಕೆ ತೊಡೆ ಬೇಯುತ್ತೆ, ಕ್ಲಚ್ ಹಿಡಿದು ಕೈ ಸೋಲುತ್ತೆ. ನಮ್ಮೂರ ಹಂಪ್‌ಗಳ ಮೇಲೆ ಹೊಟ್ಟೆ ತಾಗದ ಹಾಗೆ ಓರೆಯಾಗಿ ಹತ್ತಿಸಬೇಕು. ಪಕ್ಕದಲ್ಲಿ ಡೆಲಿವರಿ ಹುಡುಗ ಆರಾಮಾಗಿ ಮುಂದೆ ಹೋಗ್ತಾನೆ. ಹೋಗ್ತಾ ಹೋಗ್ತಾ ಕೇಳ್ತಾನೆ: ‘ಅಣ್ಣಾ, ಎಷ್ಟು ಹೋಗುತ್ತೆ?’

ಶಿರಾ ದಾಟಿದ ಮೇಲೆ

ಈ ಭಾಗವನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ತಗೊಂಡು ಆರು ತಿಂಗಳಾಗಿತ್ತು. ಭಾನುವಾರ ಬೆಳಗ್ಗೆ, ಶಿರಾ ದಾಟಿ ಹಿರಿಯೂರು ಕಡೆ ಹೋಗ್ತಿದ್ದೆ. ರಸ್ತೆ ಖಾಲಿ. ಮೀಟರ್ 160 ತೋರಿಸ್ತಿತ್ತು. ಈ ಬೈಕಿನ ಮೇಲೆ 160 ಅನ್ನೋದು ವೇಗ ಅಂತಲೇ ಅನ್ನಿಸಲ್ಲ, ಅಷ್ಟು ನುಣುಪು. ಮುಂದೆ ಡಿವೈಡರ್ ಒಡೆದಿರೋ ಜಾಗದಲ್ಲಿ ಟಿವಿಎಸ್ ಎಕ್ಸೆಲ್ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡ ಹಿರಿಯರೊಬ್ಬರು ನಿಂತಿದ್ರು. ನನ್ನ ಕಡೆ ನೋಡಿದ್ರು. ನೋಡಿ, ರಸ್ತೆಗೆ ಇಳಿದ್ರು.

ಬ್ರೇಕ್ ಹಿಡಿದೆ. ಎಬಿಎಸ್ ಕಾಲಡಿ ಟಕಟಕ ಅಂತ ಬಡಿಯಿತು. ಹುಲ್ಲಿನ ಹೊರೆಯ ಹಿಂದಿನಿಂದ, ಕೈ ಚಾಚಿದ್ರೆ ಸಿಗೋ ಅಂತರದಲ್ಲಿ ದಾಟಿದೆ. ಮುಂದೆ ಹೋಗಿ ನಿಲ್ಲಿಸಿದಾಗ ಸ್ಟ್ಯಾಂಡ್ ಹಾಕೋಕೂ ಕಾಲಲ್ಲಿ ಬಲ ಇರಲಿಲ್ಲ. ಅವರೇ ಗಾಡಿ ನಿಲ್ಲಿಸಿ ನಡ್ಕೊಂಡು ಬಂದ್ರು. ಬೈತಾರೆ ಅಂದ್ಕೊಂಡೆ. ಬೈಯಲಿಲ್ಲ. ‘ದೂರ ಐತೆ ಅಂತ ದಾಟ್ದೆ ಕಣಪ್ಪಾ’ ಅಂದ್ರು, ಅಷ್ಟೇ.

ಅವರು ಹೇಳಿದ್ದು ಸರಿ. ಮನೆಗೆ ಬಂದು ಲೆಕ್ಕ ಹಾಕಿದೆ. ಮುನ್ನೂರು ಮೀಟರ್ ದೂರದಲ್ಲಿರೋ ಬೈಕ್ 80ರಲ್ಲಿ ಬಂದ್ರೆ ತಲುಪೋಕೆ ಹದಿಮೂರುವರೆ ಸೆಕೆಂಡ್ ಬೇಕು. ಹುಲ್ಲು ಹೊತ್ತ ಎಕ್ಸೆಲ್ ದಾಟೋಕೆ ಏಳೆಂಟು ಸೆಕೆಂಡ್ ಸಾಕು. 160ರಲ್ಲಿ ಬಂದ್ರೆ ಆರೂಮುಕ್ಕಾಲು ಸೆಕೆಂಡ್‌ನಲ್ಲೇ ಅವರ ಮೇಲೆ ಇರ್ತೀನಿ. ಒಂದೇ ಹೆಡ್‌ಲೈಟಿನ ಚಿಕ್ಕ ಗಾಡಿಯ ವೇಗ ಎದುರಿನಿಂದ ಅಂದಾಜು ಮಾಡೋದು ಕಣ್ಣಿಗೆ ಕಷ್ಟ. ಅವರು ಜೀವಮಾನವಿಡೀ ಬಸ್ಸು, ಲಾರಿ ನೋಡಿ ಕಲಿತ ಅಂದಾಜಿನಲ್ಲಿ ನಾನು ಇರಲೇ ಇಲ್ಲ.

ನಿಲ್ಲೋ ಲೆಕ್ಕ ಇನ್ನೂ ಕೆಟ್ಟದು. ಒಳ್ಳೇ ರಸ್ತೆ, ಒಳ್ಳೇ ಬ್ರೇಕ್, ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಅಂತ ಇಟ್ಕೊಳ್ಳಿ. 80ರಲ್ಲಿ ಪೂರ್ತಿ ನಿಲ್ಲೋಕೆ ಸುಮಾರು 54 ಮೀಟರ್. 160ರಲ್ಲಿ ಸುಮಾರು 170. ವೇಗ ಎರಡು ಪಟ್ಟು, ದೂರ ಮೂರು ಪಟ್ಟು. ಯಾಕಂದ್ರೆ ಬ್ರೇಕ್ ಕರಗಿಸಬೇಕಾದ ಶಕ್ತಿ ವೇಗದ ವರ್ಗದ ಹಾಗೆ ಏರುತ್ತೆ. ನಮ್ಮ ದೇಶದ ನಾಲ್ಕು ಪಥದ ಹೆದ್ದಾರಿಯಲ್ಲಿ ಬೈಕ್‌ಗೆ 80ರ ಮಿತಿ ಇಟ್ಟಾಗ ನಾನೂ ನಕ್ಕಿದ್ದೆ. ಈಗ ನಗಲ್ಲ.

ಲೈಸೆನ್ಸ್ ಇದೆ, ಕಲಿಕೆ ಇಲ್ಲ

ಯುರೋಪಿನಲ್ಲಿ ಬೈಕ್ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಸಿಗುತ್ತೆ. ನಡುವಿನ ಎ2 ಹಂತದಲ್ಲಿ 35 ಕಿಲೋವ್ಯಾಟ್, ಅಂದ್ರೆ ಸುಮಾರು 48 ಪಿಎಸ್ ಮೀರೋ ಹಾಗಿಲ್ಲ. ನಮ್ಮಲ್ಲಿ ಹದಿನೆಂಟಕ್ಕೆ ನೂರು ಸಿಸಿ ಬೈಕಲ್ಲಿ ‘8’ ಹಾಕಿ ಪಾಸಾದವನು ಮಾರನೇ ದಿನ ಹಯಾಬುಸಾ ಹತ್ತಬಹುದು. ಕಾನೂನು ತಡೆಯಲ್ಲ.

ಹಾಗಾಗಿ ಮೆಟ್ಟಿಲನ್ನು ನಾವೇ ಕಟ್ಟಿಕೊಳ್ಳಬೇಕು. ಮೊದಲು 300-400 ಸಿಸಿ, ಎರಡು ಮೂರು ವರ್ಷ. ಆಮೇಲೆ ಮಧ್ಯಮ ಗಾತ್ರದ್ದು. ಬ್ರೇಕ್ ಹಿಡಿಯೋದು ಒಂದು ವಿದ್ಯೆ. ವೇಗದಲ್ಲಿ ಎಡಕ್ಕೆ ವಾಲಬೇಕಾದ್ರೆ ಎಡ ಹ್ಯಾಂಡಲ್ಲನ್ನೇ ಮುಂದಕ್ಕೆ ತಳ್ಳಬೇಕು ಅನ್ನೋದು ಇನ್ನೊಂದು ವಿದ್ಯೆ. ಭಯವಾದಾಗ ಕಣ್ಣು ಎಲ್ಲಿ ನೋಡುತ್ತೋ ಗಾಡಿ ಅಲ್ಲಿಗೇ ಹೋಗುತ್ತೆ, ಅದಕ್ಕೇ ತಪ್ಪಿಸಿಕೊಳ್ಳೋ ದಾರಿ ಕಡೆ ನೋಡೋ ಅಭ್ಯಾಸ ಬೇಕು. ಇದ್ಯಾವುದೂ ರೀಲ್ಸ್ ನೋಡಿ ಬರಲ್ಲ.

ನಾನು ಕಲಿತಿದ್ದು ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ನಲ್ಲಿ. ಅಲ್ಲಿ ಎದುರಿನಿಂದ ಬಸ್ ಬರಲ್ಲ, ಹುಲ್ಲಿನ ಹೊರೆ ದಾಟಲ್ಲ. ಬಿದ್ರೆ ಎತ್ತೋಕೆ ಆಂಬುಲೆನ್ಸ್ ನಿಂತಿರುತ್ತೆ. ಮೊದಲ ದಿನ ನನ್ನ ಸಾವಿರದ ಮುನ್ನೂರು ಸಿಸಿಯನ್ನು ಒಬ್ಬ ಹುಡುಗಿ 390 ಸಿಸಿ ಬೈಕಲ್ಲಿ ತಿರುವು ತಿರುವಿಗೂ ಹಿಂದೆ ಹಾಕಿದ್ಲು. ಅವತ್ತು ಇಳಿದ ಅಹಂಕಾರ ಮತ್ತೆ ಹತ್ತಲಿಲ್ಲ.

ಹಾಗಾದ್ರೆ ತಗೋಬೇಕಾ?

ತಮ್ಮಾ, ನಿನಗೆ ನನ್ನ ಉತ್ತರ ಇದು. ಈಗ ಬೇಡ. ಕಂತಿನ ಜೊತೆಗೆ ಟಯರ್, ಇನ್ಶೂರೆನ್ಸ್, ಒಳ್ಳೇ ಹೆಲ್ಮೆಟ್, ಜಾಕೆಟ್, ಬೂಟು ಎಲ್ಲಾ ಸೇರಿಸು. ಅದನ್ನು ಸಾಲ ಇಲ್ಲದೆ ಕಟ್ಟೋ ಶಕ್ತಿ ಬಂದಾಗ, ಚಿಕ್ಕ ಬೈಕಲ್ಲಿ ಕೈ ಪಳಗಿದಾಗ ನೋಡೋಣ. ಹಯಾಬುಸಾ ಎಲ್ಲೂ ಓಡಿ ಹೋಗಲ್ಲ. ಇಪ್ಪತ್ತೈದು ವರ್ಷದಿಂದ ಇಲ್ಲೇ ಇದೆ.

‘ನೀವು ಮಾತ್ರ ಇಟ್ಕೊಂಡಿದ್ದೀರಲ್ಲ’ ಅಂತ ಕೇಳಬಹುದು. ಹೌದು, ಮಾರಿಲ್ಲ. ಭಾನುವಾರ ಬೆಳಗ್ಗೆ ಆ ಎಂಜಿನ್ ಸದ್ದು ಕೇಳಿದ್ರೆ ಈಗಲೂ ಮೈ ಜುಮ್ಮೆನ್ನುತ್ತೆ, ಸುಳ್ಳು ಹೇಳಲ್ಲ. ಆದ್ರೆ ಹೊರಡೋ ಮುಂಚೆ ಅಮ್ಮ ಗೇಟಿನ ಹತ್ರ ಬಂದು ನಿಲ್ತಾರೆ. ಏನೂ ಹೇಳಲ್ಲ. ಶಿರಾ ಕಥೆ ಅವರಿಗೆ ಗೊತ್ತಿಲ್ಲ, ಇವತ್ತು ಇದನ್ನು ಕೇಳಿದ್ರೆ ಗೊತ್ತಾಗುತ್ತೆ.

ಅಮ್ಮಾ, ಈಗ 80ರಲ್ಲೇ ಹೋಗ್ತೀನಿ. ಸಿಗ್ನಲ್‌ನಲ್ಲಿ ಯಾರಾದ್ರೂ ‘ಎಷ್ಟು ಹೋಗುತ್ತೆ’ ಅಂತ ಕೇಳಿದ್ರೂ ಅದನ್ನೇ ಹೇಳ್ತೀನಿ. ನಗ್ತಾರೆ, ನಗಲಿ.

ಮುಂದಿನ ವಾರ ಸಿಗೋಣ. ಹೆಲ್ಮೆಟ್ ಪಟ್ಟಿ ಹಾಕ್ಕೊಳ್ಳಿ. ನಮಸ್ಕಾರ.